ಅಣ್ಣ ಕೊಟ್ಟ ಹಗುರದ ಪಿಸ್ತೂಲು

ಸೌದಿಯ ಖಮೀಸ್ ಮುಶೈತ್‌ನಲ್ಲಿ ನನ್ನ ಕೆಲಸ ಏನೆಂದು ಊರಿನಲ್ಲಿ ಯಾರಾದರೂ ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ "ಸ್ಪೋರ್ಟ್ಸ್ ಕ್ಲಬ್ಬಿನಲ್ಲಿ" ಎಂದುಬಿಡುತ್ತಾರೆ. ಸುಳ್ಳೇನಲ್ಲ. ಆದರೆ ಆ ಕ್ಲಬ್ಬಿನಲ್ಲಿ ಚೆಂಡೂ ಇಲ್ಲ, ಬ್ಯಾಟೂ ಇಲ್ಲ. ಅದು ಪಿಸ್ತೂಲು ಹೊಡೆಯುವುದನ್ನು ಕಲಿಸುವ ಜಾಗ. ಅಲ್ಲಿನ ಹೆಂಗಸರ ವಿಭಾಗದಲ್ಲಿ ನಾನು ಸಹಾಯಕಿ. ಕಪಾಟಿನ ಬೀಗ ತೆಗೆಯುವುದು ಕೋಚ್. ಅವಳು ಖಾಲಿ ಇದೆಯೆಂದು ನೋಡಿ ಕೊಟ್ಟ ಪಿಸ್ತೂಲನ್ನು ಮೇಜಿನ ಮೇಲೆ ಇಡುವುದು, ಕಲಿಯಲು ಬಂದವರಿಗೆ ಕಿವಿ ಮುಚ್ಚುವ ಮಫ್ ಮತ್ತು ಕನ್ನಡಕ ಕೊಡುವುದು, ಹೊಡೆದಾದ ಮೇಲೆ ನೆಲದಲ್ಲಿ ಬಿದ್ದ ಹಿತ್ತಾಳೆಯ ಖಾಲಿ ತೋಟಾಗಳನ್ನು ಗುಡಿಸುವುದು, ಕೈ ನೋಯಿಸಿಕೊಂಡವರಿಗೆ ಐಸ್ ಇಡುವುದು ನನ್ನ ಪಾಲು. ಇಷ್ಟು ವರ್ಷದಲ್ಲಿ ನಾನು ಒಂದು ಗುಂಡನ್ನೂ ಹೊಡೆದವಳಲ್ಲ. ಹೊಡೆಯಬೇಕೆಂದು ಅನಿಸಿದ್ದೂ ಇಲ್ಲ.

ಆದರೆ ಕೈಗಳನ್ನು ನೋಡಿದ್ದೇನೆ. ಮದರಂಗಿ ಹಚ್ಚಿದ ಕೈ, ಉಗುರು ಬೆಳೆಸಿದ ಕೈ, ಸೂಜಿ ಚುಚ್ಚಿ ಅಭ್ಯಾಸವಾದ ನರ್ಸಮ್ಮಂದಿರ ಕೈ. ಮೊದಲ ಸಲ ಬಂದವರಲ್ಲಿ ಮುಕ್ಕಾಲು ಪಾಲು ಹೆಂಗಸರು ಮೇಜಿನ ಮೇಲಿರುವುದರಲ್ಲಿ ಎಲ್ಲಕ್ಕಿಂತ ಸಣ್ಣದಕ್ಕೆ, ಹಗುರದ್ದಕ್ಕೆ ಕೈ ಹಾಕುತ್ತಾರೆ. ಜೊತೆಗೆ ಗಂಡನೋ ಅಪ್ಪನೋ ಬಂದರೆ ಅವರು ತೋರಿಸುವುದೂ ಅದನ್ನೇ. ಚಿನ್ನದಂಗಡಿಯಲ್ಲಿ ಓಲೆ ಆರಿಸುವ ಹಾಗೆ. ಸಣ್ಣದು ಮೆತ್ತಗೆ ಇರುತ್ತದೆ ಎಂದು ಅವರ ಲೆಕ್ಕ. ಅದು ಪೂರ್ತಿ ತಪ್ಪು ಲೆಕ್ಕ. ಅದೇ ಗುಂಡನ್ನು ಹಗುರದ ಪಿಸ್ತೂಲಿನಲ್ಲಿ ಹಾಕಿ ಹೊಡೆದರೆ ಅದು ಹಿಂದಕ್ಕೆ ಒದೆಯುವುದೇ ಬೇರೆ. ಭಾರದ್ದು ಆ ಒದೆತವನ್ನು ತಾನೇ ನುಂಗಿಕೊಳ್ಳುತ್ತದೆ, ಹಗುರದ್ದು ಎಲ್ಲವನ್ನೂ ಕೈಗೆ ದಾಟಿಸುತ್ತದೆ. ನಾನು ನನ್ನ ಮಟ್ಟಿಗೆ ಅರ್ಥ ಮಾಡಿಕೊಂಡದ್ದು ಹೀಗೆ: ಹಗುರದ ಮಿಕ್ಸಿ ಅಡುಗೆಕಟ್ಟೆಯ ಮೇಲೆಲ್ಲ ಕುಣಿಯುತ್ತದೆ. ರುಬ್ಬುವ ಕಲ್ಲು ಕುಣಿದದ್ದನ್ನು ಯಾರಾದರೂ ನೋಡಿದ್ದುಂಟೇ?

ಆ ಹುಡುಗಿ ಬಂದದ್ದು ಚಳಿಗಾಲದಲ್ಲಿ. ನಮ್ಮದು ಬೆಟ್ಟದ ಮೇಲಿನ ಊರು. ಸೌದಿ ಎಂದರೆ ಬರೀ ಮರಳು ಎಂದುಕೊಂಡವರು ಇಲ್ಲಿನ ಮಂಜಿಗೆ ಬೆರಗಾಗುತ್ತಾರೆ. ಅವತ್ತೂ ಮಂಜು ಇಳಿದಿತ್ತು. ಕಪ್ಪು ಅಬಾಯಾದ ಅಂಚು ಒದ್ದೆ ಮಾಡಿಕೊಂಡು ಒಳಗೆ ಬಂದವಳು ಎತ್ತರದ ಹುಡುಗಿ, ಇಪ್ಪತ್ತೈದರ ಆಸುಪಾಸು, ಅಗಲ ಭುಜ. ಕೈಯಲ್ಲಿ ನೀಲಿ ಮಖಮಲ್ಲಿನ ಪೆಟ್ಟಿಗೆ ಹಿಡಿದಿದ್ದಳು. ಕೋಚ್ ಅದನ್ನು ತೆರೆದು, ಪಿಸ್ತೂಲು ಖಾಲಿಯಿದೆಯೇ ಎಂದು ನೋಡಿ ಮೇಜಿನ ಮೇಲಿಟ್ಟಳು. ಬೆಳ್ಳಿ ಬಣ್ಣದ ಪುಟ್ಟ ಪಿಸ್ತೂಲು. ಹಿಡಿಯ ಮೇಲೆ ಬಳ್ಳಿಯ ಚಿತ್ತಾರ. ನೋಡಲು ಬಲು ಚೆಂದ. ನನಗೆ ನೋಡಿದ ಕೂಡಲೇ ತಲೆಬಿಸಿಯಾಯಿತು.

ಕೋಚ್ ಅಂದರೆ ಅವಳೂ ಇಲ್ಲಿಯವಳೇ, ಮೂವತ್ತು ದಾಟಿದ ಸೌದಿ ಹೆಂಗಸು, ಮಾತು ಕಡಿಮೆ. ಅವಳು ಪಿಸ್ತೂಲನ್ನು ತಿರುಗಿಸಿ ನೋಡಿ, "ಇದು ಯಾರು ಆರಿಸಿದ್ದು?" ಎಂದು ಕೇಳಿದಳು.

"ನನ್ನ ಅಣ್ಣ" ಎಂದಳು ಹುಡುಗಿ.

ಇವರೆಲ್ಲ ಮಾತಾಡಿದ್ದು ಅರಬಿಯಲ್ಲಿ. ನನ್ನ ತಲೆಯಲ್ಲಿ ಮಾತ್ರ ಅದು ನಮ್ಮ ಕಿನ್ನಿಗೋಳಿ ಕಡೆಯ ಕನ್ನಡವಾಗಿಯೇ ಕೂತಿದೆ. ಹಾಗೆಯೇ ಬರೆಯುತ್ತೇನೆ.

ಅವಳ ವಿಷಯ ನನಗೆ ಗೊತ್ತಾದದ್ದು ಚೂರುಚೂರಾಗಿ. ಅಪ್ಪ ಬಹಳ ಹಿಂದೆ ತೀರಿಕೊಂಡಿದ್ದರು. ಮನೆ ನಡೆಸುತ್ತಿದ್ದವನು ಅಣ್ಣ, ಸೈನ್ಯದಲ್ಲಿದ್ದ. ತಂಗಿ ಕಾವಲು ದಳದ ಕೆಲಸಕ್ಕೆ ಅರ್ಜಿ ಹಾಕುತ್ತೇನೆ ಎಂದಾಗ ಬಂಧುಗಳೆಲ್ಲ ಮುಖ ಗಂಟು ಹಾಕಿದರಂತೆ. ಅವನೊಬ್ಬನೇ ಬೆನ್ನಿಗೆ ನಿಂತದ್ದು. ತಾನೇ ಓಡಾಡಿ ತಂಗಿಯ ಹೆಸರಿಗೆ ಪರವಾನಗಿ ಮಾಡಿಸಿ, ಈ ಪಿಸ್ತೂಲನ್ನು ತಂದು ಕೊಟ್ಟಿದ್ದ. ಆಮೇಲೆ ಒಂದು ರಜೆಯಲ್ಲಿ ಜಿಝಾನ್ ಕಡೆಯಿಂದ ಘಟ್ಟದ ರಸ್ತೆ ಹತ್ತಿ ಬರುವಾಗ ಮಂಜಿನಲ್ಲಿ ಅವನ ಕಾರು ತಿರುವು ತಪ್ಪಿತು. ಮನೆಗೆ ಬಂದದ್ದು ಮಯ್ಯತ್ತು, ಅವನ ಹೆಣ.

ಈಗ ಮನೆಯಲ್ಲಿ ತಾಯಿ, ಮಗಳು, ಇಬ್ಬರೇ. ಆ ಕೆಲಸ ಸಿಕ್ಕಿದರೆ ತಾಯಿಯನ್ನು ಕರೆದುಕೊಂಡು ತನ್ನ ಮನೆಯಲ್ಲಿ ತಾನು ಇರಬಹುದು. ಸಿಗದಿದ್ದರೆ ದೊಡ್ಡಪ್ಪನ ಮನೆಯ ಹಿಂದಿನ ಕೋಣೆಗೆ ಹೋಗಬೇಕು, ಅವರು ಹೇಳಿದ ಹಾಗೆ ಕೇಳಬೇಕು. ಲಿಖಿತ ಪರೀಕ್ಷೆ, ಓಟ, ಎಲ್ಲದರಲ್ಲೂ ಅವಳು ಮುಂದಿದ್ದಳು. ಸಿಕ್ಕಿಬಿದ್ದದ್ದು ಗುರಿಯ ಪರೀಕ್ಷೆಯಲ್ಲಿ. ಎರಡು ಸಲ ಫೇಲಾಗಿತ್ತು. ಮೂರನೆಯದು ಕೊನೆಯದು. ಅದಕ್ಕೇ ನಮ್ಮ ಕ್ಲಬ್ಬಿಗೆ ಬಂದಿದ್ದಳು.

ಮೊದಲ ದಿನವೇ ಕಾರಣ ಕಣ್ಣಿಗೆ ಕಂಡಿತು. ಅವಳ ಬೆರಳುಗಳು ಉದ್ದ. ಆ ಪುಟ್ಟ ಹಿಡಿಯಲ್ಲಿ ಎರಡು ಬೆರಳಿಗೆ ಮಾತ್ರ ಜಾಗ, ಕಿರುಬೆರಳು ಕೆಳಗೆ ಗಾಳಿಯಲ್ಲಿ ನೇತಾಡುತ್ತಿತ್ತು. ಹೊಡೆದ ಕೂಡಲೇ ಪಿಸ್ತೂಲು ಮೇಲಕ್ಕೆ ಹಾರಿ, ಅದರ ಹಿಂಭಾಗ ಹೆಬ್ಬೆರಳ ಸಂದಿಗೆ ಕಚ್ಚುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಅಲ್ಲಿ ಚರ್ಮ ಸುಲಿದು ರಕ್ತ ಕಾಣಿಸಿತು. ನಾನು ಐಸ್ ತಂದೆ. ಅವಳು ಬೇಡವೆಂದು ತಲೆಯಾಡಿಸಿ ಮತ್ತೆ ನಿಂತಳು.

ಕೋಚ್ ಆಗ ಒಂದು ಕೆಲಸ ಮಾಡಿದಳು. ನಿಜವಾದ ಗುಂಡುಗಳ ನಡುವೆ ಮದ್ದಿಲ್ಲದ ಸುಳ್ಳು ಗುಂಡೊಂದನ್ನು, ಹುಡುಗಿಗೆ ಕಾಣದ ಹಾಗೆ, ಸೇರಿಸಿ ತುಂಬಿಕೊಟ್ಟಳು. ಹುಡುಗಿ ಹೊಡೆಯುತ್ತ ಹೋದಳು. ಸುಳ್ಳು ಗುಂಡಿನ ಸರದಿ ಬಂದಾಗ ಬರೀ "ಟಿಕ್" ಎಂದಿತು. ಗುಂಡು ಹಾರಲಿಲ್ಲ. ಆದರೆ ಅವಳ ಕಣ್ಣು ಮುಚ್ಚಿಕೊಂಡಿತು, ಭುಜ ಎಗರಿತು, ನಳಿಗೆಯ ತುದಿ ನೆಲದ ಕಡೆ ಧಸಕ್ಕನೆ ಬಾಗಿತು. ಒದೆಯುವ ಮೊದಲೇ ಅವಳ ಕೈ ಒದೆಗೆ ಹೆದರುತ್ತಿತ್ತು. ಅದು ಎಲ್ಲರೆದುರು ಬೆತ್ತಲಾದ ಹಾಗಾಗಿ ಅವಳ ಮುಖ ಬಿಳಿಚಿಕೊಂಡಿತು.

"ಇದು ನಿನ್ನ ತಪ್ಪಲ್ಲ" ಎಂದಳು ಕೋಚ್. "ಈ ಪಿಸ್ತೂಲು ಬಚ್ಚಿಟ್ಟುಕೊಂಡು ಒಯ್ಯಲಿಕ್ಕೆ ಮಾಡಿದ್ದು. ಕಲಿಯಲಿಕ್ಕಲ್ಲ. ಪರೀಕ್ಷೆಗೆ ಕ್ಲಬ್ಬಿನ ಪಿಸ್ತೂಲು ತಗೊಳ್ಳಬಹುದು. ಭಾರದ್ದು ಕೊಡ್ತೇನೆ. ವಾರದೊಳಗೆ ನಿನ್ನ ಕೈ ಸುಮ್ಮನಾಗ್ತದೆ."

"ಇಲ್ಲ. ಪಾಸಾದರೆ ಇದರಲ್ಲೇ ಪಾಸಾಗ್ತೇನೆ."

"ಆಗದಿದ್ದರೆ?"

ಹುಡುಗಿ ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು. "ಇದು ಅಣ್ಣನ ಕೈ, ಹಿಡ್ಕೊಂಡು ಹೋಗು ಅಂತ ಉಮ್ಮಿ ಹೇಳಿದ್ದಾರೆ. ಅವರಿಗೆ ಮಾತು ಕೊಟ್ಟಿದ್ದೇನೆ" ಎಂದಳು. ಉಮ್ಮಿ ಎಂದರೆ ತಾಯಿ.

ಆಮೇಲೆ ದಿನಾ ಅದೇ ಪಾಡು. ಬರುವಳು, ಹೊಡೆಯುವಳು, ಕೈ ಸುಲಿಸಿಕೊಳ್ಳುವಳು. ಗುರಿಹಲಗೆಯ ಕಾಗದದಲ್ಲಿ ತೂತುಗಳೆಲ್ಲ ಕೆಳಗೆ ಎಡಕ್ಕೆ. ಸಂದಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದಳು, ಕೈಗವಸು ಹಾಕಿಕೊಂಡು ಬಂದಳು. ಪರೀಕ್ಷೆ ಹತ್ತಿರವಾಗುತ್ತಿತ್ತು, ಕಾಗದ ಮಾತ್ರ ಹಾಗೆಯೇ ಇತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಇರಬಹುದು. ಒಂದು ದಿನ ಐಸ್ ಇಡುವಾಗ ತಡೆಯಲಾಗದೆ ಬೈದುಬಿಟ್ಟೆ. "ಅಲ್ಲ ಹುಡುಗಿ, ಹಟಕ್ಕೂ ಒಂದು ಮಿತಿ ಬೇಡವಾ? ಈ ಕೈಯಲ್ಲಿ ನಾಳೆ ನೀನು ಚಮಚ ಹಿಡಿಯಲಿಕ್ಕೂ ಇಲ್ಲ."

ಅವಳು ಐಸಿನ ಮೇಲೆ ಕಣ್ಣು ನೆಟ್ಟು ಕೂತಳು. ಬೈದದ್ದಕ್ಕೆ ನನಗೇ ಬೇಸರವಾಗಿ ಹೊಸ ಐಸ್ ತಂದುಕೊಟ್ಟೆ.

ನನ್ನನ್ನು ಕರೆದೊಯ್ಯಲು ದಿನಾ ನನ್ನ ಗಂಡ ಬರುತ್ತಾರೆ. ಅವರಿಗೆ ಪೇಟೆಯಲ್ಲಿ ಟಯರ್ ಅಂಗಡಿಯಲ್ಲಿ ಕೆಲಸ. ನನಗೆ ಕಾರು ಓಡಿಸಲು ಬರುವುದಿಲ್ಲ, ಈ ಊರಲ್ಲಿ ಕಾರಿಲ್ಲದವರು ಕಾಲಿಲ್ಲದವರ ಲೆಕ್ಕ. ಮನೆಯಲ್ಲಿ ನಾವು ಬ್ಯಾರಿ ಮಾತಾಡುತ್ತೇವೆ. ಜಗಳಕ್ಕೆ ಮಾತ್ರ ಇಬ್ಬರಿಗೂ ಕನ್ನಡವೇ ಆಗಬೇಕು, ಇಬ್ಬರೂ ಕನ್ನಡ ಶಾಲೆಯಲ್ಲಿ ಕಲಿತವರಾದ್ದರಿಂದ ವಾದಕ್ಕೆ ಅದು ಚೆನ್ನಾಗಿ ಒದಗುತ್ತದೆ. ಅವತ್ತು ಕಾರಿನಲ್ಲಿ ಕೂತವಳೇ ಎಲ್ಲ ಹೇಳಿಕೊಂಡೆ.

"ಅವಳ ತಾಯಿಗಾದರೂ ಬುದ್ಧಿ ಬೇಡವಾ? ಸತ್ತವನ ಪಿಸ್ತೂಲು ಹಿಡಿಸಿ ಇದ್ದವಳನ್ನು ಫೇಲ್ ಮಾಡಿಸುವುದು."

"ನಿನಗೆಂತ ಮಾರಾಯ್ತಿ ಅದು?" ಎಂದರು ಇವರು. "ನಿನ್ನ ಕೆಲಸ ಗುಡಿಸುವುದು. ನಿನ್ನನ್ನು ಕೆಲಸಕ್ಕಿಟ್ಟ ಕಫೀಲ್‌ನ ಕಿವಿಗೆ ಬಿದ್ದರೆ ಗೊತ್ತುಂಟಲ್ಲ?"

"ಬೀಳಲಿ. ನೀವು ಟಯರಿಗೆ ಗಾಳಿ ಹಾಕುವವರು, ನಿಮಗೆ ಆ ಹುಡುಗಿಯ ಕೈ ಕಾಣುವುದಿಲ್ಲ."

ಇವರು ನಗುತ್ತ, "ನೀನು ಆ ಗುಲಾಬಿ ಫ್ರಾಕಿನ ಕತೆ ಹೇಳಿದ್ದಿಯಲ್ಲ, ಮದುವೆಯಾದ ಹೊಸತರಲ್ಲಿ? ಆಗ ನಿನ್ನ ಹಟ ಕಡಿಮೆ ಇತ್ತಾ?" ಎಂದರು.

ನನ್ನ ಉಪ್ಪ, ಎಂದರೆ ತಂದೆ, ಇದೇ ಸೌದಿಯ ಯಾನ್ಬುವಿನ ಬಂದರಿನಲ್ಲಿ ಕೆಲಸಕ್ಕಿದ್ದರು. ನಾನು ನಡೆಯಲು ಕಲಿಯುವ ಮೊದಲೇ ಹೋದವರು. ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದರು. ನಡುವೆ ಊರಿಗೆ ಬರುವವರ ಕೈಯಲ್ಲಿ ನನಗೆ ಬಟ್ಟೆ ಕಳಿಸುತ್ತಿದ್ದರು. ಮಗಳ ಅಳತೆ ಅವರಿಗೆ ಎಲ್ಲಿಂದ ಗೊತ್ತಿರಬೇಕು? ಅಂಗಡಿಯಲ್ಲಿ ಯಾರದೋ ಮಗು ಓಡಾಡುತ್ತಿದ್ದರೆ ಅದನ್ನು ತೋರಿಸಿ, "ಇಷ್ಟೇ ಇದ್ದಾಳೆ" ಎಂದು ಹೇಳಿ ತರುತ್ತಿದ್ದರಂತೆ. ಗಲ್ಫಿನಲ್ಲಿದ್ದ ನಮ್ಮ ಕಡೆಯ ಗಂಡಸರೆಲ್ಲ ಆಗ ಮಾಡುತ್ತಿದ್ದದ್ದು ಅದನ್ನೇ. ಯಾರದೋ ಮಕ್ಕಳ ಅಳತೆಯ ಬಟ್ಟೆ ನಮ್ಮ ಊರಿನ ಮಕ್ಕಳ ಮೈಮೇಲೆ. ಹಾಗೆ ಬಂದ ಗುಲಾಬಿ ಬಣ್ಣದ ಫ್ರಾಕು ನನಗೆ ಬಿಗಿ. ಕಂಕುಳಲ್ಲಿ ಕೊಯ್ದ ಹಾಗೆ ನೋಯುತ್ತಿತ್ತು. ಉಮ್ಮ ಹೊಲಿಗೆ ಬಿಚ್ಚುತ್ತೇನೆಂದರೆ ನಾನು ಅತ್ತು ರಂಪ ಮಾಡಿದೆ. ಉಪ್ಪ ಕಳಿಸಿದ್ದಕ್ಕೆ ಕತ್ತರಿ ತಾಗಿಸಬಾರದು ಎಂದು ನನ್ನ ಹಟ. ಹಬ್ಬಕ್ಕೂ ಅದೇ, ಮದ್ರಸಕ್ಕೂ ಅದೇ.

ಉಪ್ಪ ರಜೆಯಲ್ಲಿ ಬಂದಾಗ ಅದನ್ನೇ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದೆ. ಎತ್ತಿಕೊಂಡರು. ನಾನು ನೋವಿಗೆ ಚೀರಿದೆ. ತೋಳು ಎತ್ತಿ ನೋಡಿದರು, ಕಂಕುಳಲ್ಲಿ ಕೆಂಪು ಬಾಸುಂಡೆ. ಮಾತಾಡದೆ ಒಳಗೆ ಹೋಗಿ ಕತ್ತರಿ ತಂದು, ತಾವೇ ಆ ಹೊಲಿಗೆಯನ್ನು ಕಂಕುಳಿಂದ ಸೊಂಟದವರೆಗೆ ಬಿಚ್ಚಿದರು. "ಇದು ನಿನಗೆ ಖುಷಿಯಾಗಲಿ ಅಂತ ತಂದದ್ದು ಮಗಾ. ನೋಯಲಿಕ್ಕಲ್ಲ" ಎಂದರು. ಉಪ್ಪ ತೀರಿಹೋಗಿ ಬಹಳ ಕಾಲವಾಯಿತು. ಆ ಕತ್ತರಿಯ ಸದ್ದು ಈಗಲೂ ಕಿವಿಯಲ್ಲಿದೆ.

ಮರುದಿನ ಹುಡುಗಿಗೆ ಗಾವಾ, ಎಂದರೆ ಇಲ್ಲಿನ ಕಾಫಿ, ಕೊಟ್ಟು, ಖರ್ಜೂರದ ತಟ್ಟೆ ಮುಂದಿಟ್ಟು, ಈ ಕತೆಯನ್ನು ನನ್ನ ಹರಕು ಅರಬಿಯಲ್ಲಿ ಹೇಳಿದೆ. ಅವಳು ಕೇಳಿ ಕರಗಿಯಾಳು ಎಂದು ನನ್ನ ಆಸೆ. ಅವಳು ಲೋಟ ಕೆಳಗಿಟ್ಟಳು.

"ಖಾಲಾ, ನಿಮ್ಮ ಅಪ್ಪ ಬಂದರು, ನೋಡಿದರು, ಕತ್ತರಿಸಿದರು" ಎಂದಳು. ಖಾಲಾ ಎಂದರೆ ಚಿಕ್ಕಮ್ಮ, ನನ್ನನ್ನು ಎಲ್ಲರೂ ಕರೆಯುವುದು ಹಾಗೆ. "ನನ್ನ ಅಣ್ಣ ಬರ್ಲಿಕ್ಕಿಲ್ಲವಲ್ಲ. ಇದನ್ನು ಬಿಡು ಅಂತ ನನಗೆ ಹೇಳುವವರು ಯಾರು?"

ನಾನು ಖರ್ಜೂರದ ಬೀಜಗಳನ್ನು ಒಂದು ಕಡೆ ಕೂಡಿಸಿದೆ. ಆಮೇಲೆ ಹೊಳೆಯಿತು. ಕೇಳಬೇಕಾದ್ದು ಸತ್ತವನನ್ನಲ್ಲ, ಮಾತು ತೆಗೆದುಕೊಂಡವರನ್ನು.

"ನಿನ್ನ ಉಮ್ಮಿ ಇಲ್ಲಿಗೆ ಬಂದು ನೋಡಿದ್ದಾರಾ?"

"ಇಲ್ಲ. ಅಣ್ಣ ಹೋದ ಮೇಲೆ ಅವರು ಹೊರಗೆಲ್ಲೂ ಹೋಗುವುದಿಲ್ಲ. ನನ್ನ ಹತ್ತಿರವೂ ಜಾಸ್ತಿ ಮಾತಿಲ್ಲ. ಊಟ ಆಯ್ತಾ, ಬಾಗಿಲು ಹಾಕಿದ್ದಿಯಾ, ಅಷ್ಟೇ."

"ಒಂದು ಸಲ ಕರ್ಕೊಂಡು ಬಾ."

"ಬರ್ಲಿಕ್ಕಿಲ್ಲ ಅವರು."

"ಮಗನ ಪಿಸ್ತೂಲು ಹೇಗೆ ಕೆಲಸ ಮಾಡ್ತದೆ ನೋಡಲಿಕ್ಕೆ ಬನ್ನಿ ಅಂತ ಹೇಳು. ಬರ್ತಾರೆ."

ಬಂದರು. ಇಡೀ ವಾರ ಕಾಯಿಸಿ ಬಂದರು. ನಾನು ಗಟ್ಟಿಮುಟ್ಟಾದ, ಗದರುವ ಹೆಂಗಸೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಜಗಳಕ್ಕೆ ಸಿದ್ಧವಾಗಿದ್ದೆ. ಬಂದದ್ದು ಹಕ್ಕಿಯಷ್ಟು ಸಣ್ಣ ಮುದುಕಿ. ಮಗಳ ಮೊಣಕೈ ಹಿಡಿದು ನಿಧಾನಕ್ಕೆ ನಡೆದು ಬಂದು ಗಾಜಿನ ಹಿಂದಿನ ಕುರ್ಚಿಯಲ್ಲಿ ಕೂತರು. ನಾನು ಅವರ ಕಿವಿಗೆ ಮಫ್ ಹಾಕಿದೆ. ತಲೆ ಎಷ್ಟು ಚಿಕ್ಕದೆಂದರೆ ಅದು ಜಾರುತ್ತಿತ್ತು, ನಾನೇ ಹಿಂದೆ ನಿಂತು ಹಿಡಿದುಕೊಂಡೆ.

ಹುಡುಗಿ ಹೊಡೆದಳು. ಪ್ರತಿ ಗುಂಡಿಗೂ ನನ್ನ ಕೈಯೊಳಗೆ ಆ ತಾಯಿಯ ತಲೆ ಅದುರುತ್ತಿತ್ತು. ಅವರು ನೋಡುತ್ತಿದ್ದದ್ದು ಗುರಿಹಲಗೆಯನ್ನಲ್ಲ, ಮಗಳ ಬೆನ್ನನ್ನು. ಆ ಬೆನ್ನು ಒಂದೊಂದು ಸಲವೂ ಏಟು ತಿಂದ ಹಾಗೆ ಕುಗ್ಗುವುದನ್ನು ನೋಡಿದರು. ಮುಗಿದ ಮೇಲೆ ಹುಡುಗಿ ಹೊರಗೆ ಬಂದು, ಕೈಯನ್ನು ಅಬಾಯಾದೊಳಗೆ ಬಚ್ಚಿಟ್ಟುಕೊಂಡು ನಿಂತಳು.

"ಕೈ ತೋರಿಸು" ಎಂದರು ತಾಯಿ.

ತೋರಿಸಿದಳು. ಹಳೆಯ ಗಾಯ ಮತ್ತೆ ಒಡೆದು ಬ್ಯಾಂಡೇಜು ನೆನೆದಿತ್ತು. ತಾಯಿ ಅದನ್ನು ನೋಡಿ, ಕೋಚ್ ಕಡೆ ತಿರುಗಿ ಆ ಪಿಸ್ತೂಲನ್ನು ಕೇಳಿದರು. ಕೋಚ್ ಖಾಲಿ ಮಾಡಿ, ಮತ್ತೊಮ್ಮೆ ಒಳಗೆ ಬೆರಳು ಹಾಕಿ ನೋಡಿ, ಅವರ ಅಂಗೈಯಲ್ಲಿಟ್ಟಳು. ಮುದುಕಿಯ ಬೆರಳುಗಳು ತಾವಾಗಿ ಹಿಡಿಯ ಸುತ್ತ ಮಡಚಿಕೊಂಡವು. ಒಂದು ಬೆರಳೂ ಹೊರಗೆ ಉಳಿಯಲಿಲ್ಲ. ದರ್ಜಿ ಅಳೆದು ಹೊಲಿದ ಹಾಗೆ ಕೂತಿತು.

ಅವರ ಮುಖ ಬದಲಾಯಿತು. ಪಿಸ್ತೂಲನ್ನೂ ತಮ್ಮ ಕೈಯನ್ನೂ ಒಂದಾದ ಮೇಲೊಂದು ನೋಡಿದರು. ಆಮೇಲೆ ಮಾತಾಡಿದ್ದು ನಮ್ಮೊಂದಿಗೋ ತಮ್ಮೊಂದಿಗೋ ತಿಳಿಯಲಿಲ್ಲ.

"ಅವನು ದಿನಾ ಹೊರಗೆ ಹೋಗುವಾಗ ನನ್ನ ಕೈಗೆ ಮುತ್ತು ಕೊಟ್ಟು ಹೋಗುವವನು. ಒಂದು ದಿನ ಕೊಟ್ಟವನು ಕೈ ಬಿಡಲೇ ಇಲ್ಲ. ತನ್ನ ಅಂಗೈ ಮೇಲೆ ಇಟ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಎಂತ ಮಗನೇ ಅಂದರೆ, ಏನಿಲ್ಲ ಉಮ್ಮಿ, ಹೆಂಗಸರ ಕೈ ಎಷ್ಟಿರ್ತದೆ ಅಂತ ನೋಡಿದೆ ಅಂದ. ಸಾಯಂಕಾಲ ಈ ಪೆಟ್ಟಿಗೆ ತಂದ."

ಪರವಾನಗಿಯ ವಿಷಯ ತಂಗಿಗೆ ಗೊತ್ತಿದ್ದರೂ ಪಿಸ್ತೂಲನ್ನು ಗುಟ್ಟಾಗಿ ತಂದುಕೊಡಬೇಕೆಂಬ ಆಸೆ ಅವನಿಗೆ ಇದ್ದಿರಬೇಕು. ಅವಳ ಕೈ ನೋಡಿದರೆ ಗುಟ್ಟು ಹೊರಬೀಳುತ್ತದೆ. ಮನೆಯಲ್ಲಿದ್ದ ಇನ್ನೊಂದು ಹೆಂಗಸಿನ ಕೈ ಎಂದರೆ ತಾಯಿಯದು. ಅಂಗಡಿಯಲ್ಲಿ ಯಾರದೋ ಮಗುವನ್ನು ತೋರಿಸಿ "ಇಷ್ಟೇ ಇದ್ದಾಳೆ" ಎಂದ ನನ್ನ ಉಪ್ಪನ ಹಾಗೆ, ಅವನೂ ಅಂಗಡಿಯಲ್ಲಿ ಕೈ ಮಾಡಿ ತೋರಿಸಿರಬೇಕು. ನಾನು ಮಫ್ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ ನಿಂತು ಅತ್ತೆ.

"ಇದು ನನ್ನ ಕೈ" ಎಂದರು ತಾಯಿ. "ನಿನ್ನದಲ್ಲ. ಅವನು ಗೊತ್ತಿಲ್ಲದೆ ನನಗೆ ತಂದದ್ದು. ನಾನು ಇಟ್ಕೊಳ್ತೇನೆ. ನೀನು ನಿನ್ನದು ಹುಡುಕು."

"ನಿಮಗೆ ಮಾತು ಕೊಟ್ಟಿದ್ದೇನಲ್ಲ ಉಮ್ಮಿ."

"ನಾನು ವಾಪಸು ಕೊಟ್ಟೆ."

ಹುಡುಗಿ ನೆಲದ ಮೇಲೆ ಕುಸಿದು ಕೂತು ತಾಯಿಯ ಮಡಿಲಲ್ಲಿ ಮುಖ ಇಟ್ಟಳು. ಅಣ್ಣ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು ಎಂದು ಆಮೇಲೆ ನನಗೆ ಹೇಳಿದಳು. ಕೋಚ್ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು.

ಪಿಸ್ತೂಲು ಆರಿಸುವ ಕೆಲಸ ಮರುದಿನ ಶುರುವಾಯಿತು. ಕೋಚ್ ಮೊದಲು ಕೊಟ್ಟದ್ದು ಉದ್ದ ನಳಿಗೆಯ, ತೀರ ಸಣ್ಣ ಗುಂಡಿನ ಪಿಸ್ತೂಲು. ಅದು ಹೊಡೆದರೆ ಕೈಗೆ ಗೊತ್ತೇ ಆಗುವುದಿಲ್ಲ, ಸದ್ದೂ ಕಡಿಮೆ. ಪರೀಕ್ಷೆಗೆ ಅದು ನಡೆಯುವುದಿಲ್ಲ. ಹೆದರಿದ ಕೈಗೆ, ಎಲ್ಲ ಗುಂಡೂ ಒದೆಯುವುದಿಲ್ಲ ಮಗಳೇ ಎಂದು ಸಮಾಧಾನ ಹೇಳಲಿಕ್ಕೆ ಅದು. ಕೆಲವು ದಿನ ಅವಳು ಅದನ್ನೇ ಹೊಡೆದಳು. ಗಾಯ ಒಣಗಿತು. ಕಣ್ಣು ತೆರೆದೇ ಇರಲು ಕಲಿಯಿತು.

ಆಮೇಲೆ ಮೇಜಿನ ಮೇಲೆ ಪರೀಕ್ಷೆಗೆ ಆಗುವಂಥವುಗಳನ್ನು ಸಾಲಾಗಿ ಇಟ್ಟೆವು. ಕೋಚ್ ಅವಳಿಗೆ ಯಾವುದನ್ನೂ ಹೊಡೆಯಲು ಹೇಳಲಿಲ್ಲ, ಬರೀ ಹಿಡಿದು ನೋಡಲು ಹೇಳಿದಳು. ಬೆರಳುಗಳೆಲ್ಲ ಹಿಡಿಯ ಮೇಲೆ ಕೂರುತ್ತವೆಯೇ, ಹೆಬ್ಬೆರಳ ಸಂದಿ ಮೇಲಿನವರೆಗೆ ಹೋಗಿ ಒತ್ತಿಕೊಳ್ಳುತ್ತದೆಯೇ, ಟ್ರಿಗರಿಗೆ ಬೆರಳು ಎಳೆಯದೆ ಮುಟ್ಟುತ್ತದೆಯೇ, ಮೇಲಿನ ಭಾಗವನ್ನು ಹಿಂದಕ್ಕೆ ಎಳೆಯಲು ಹಲ್ಲು ಕಚ್ಚಬೇಕಾಗುತ್ತದೆಯೇ. ಪ್ಲಾಸ್ಟಿಕ್ ಮೈಯ ಹೊಸದೊಂದನ್ನು ಹಿಡಿದು ಇಟ್ಟಳು. ಇನ್ನೊಂದರ ಹಿಡಿ ತೀರ ದಪ್ಪ. ಕೊನೆಗೆ ಮೂಲೆಯಲ್ಲಿದ್ದ ಹಳೆಯ ಉಕ್ಕಿನ ಪಿಸ್ತೂಲು ಎತ್ತಿದಳು. ಬಣ್ಣ ಮಾಸಿದ, ಅಂದಚೆಂದ ಏನೂ ಇಲ್ಲದ, ಎತ್ತಿದರೆ ಮಣಿಕಟ್ಟು ಇಳಿಯುವಷ್ಟು ಭಾರದ್ದು. ಹೆಂಗಸರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ನಾನು ಒರೆಸುವಾಗ, ಇದೊಂದು ದೋಸೆ ಕಾವಲಿ ಎಂದು ಬೈದುಕೊಳ್ಳುತ್ತಿದ್ದೆ.

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಗುರಿಹಲಗೆಯ ಕಡೆ ಚಾಚಿದಳು. ಭುಜ ಕೆಳಗಿಳಿಯಿತು. ಅಷ್ಟು ದಿನದಲ್ಲಿ ಅವಳ ಭುಜ ಕಿವಿಯಿಂದ ಕೆಳಗಿಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇದು" ಎಂದಳು.

ಕೋಚ್ ಒಂದೇ ಒಂದು ಗುಂಡು ತುಂಬಿಕೊಟ್ಟಳು. ಹೊಡೆದಳು. ಪಿಸ್ತೂಲು ಸ್ವಲ್ಪ ಮೇಲೆದ್ದು, ತನ್ನ ಭಾರಕ್ಕೆ ತಾನೇ ಮತ್ತೆ ಕೆಳಗೆ ಬಂದು ನಿಂತಿತು. ಅವಳು ಮಫ್ ಸರಿಸಿ ನನ್ನ ಕಡೆ ತಿರುಗಿ, "ಖಾಲಾ, ಇದು ತಳ್ಳುತ್ತದೆ ಅಷ್ಟೆ. ಕಚ್ಚುವುದಿಲ್ಲ" ಎಂದಳು. ಮಾತಿನಲ್ಲಿ ಖುಷಿಗಿಂತ ದುಃಖವೇ ಹೆಚ್ಚಿತ್ತು. ಇಷ್ಟು ಸುಲಭವಿತ್ತೇ ಎಂಬ ದುಃಖ.

ಪರೀಕ್ಷೆಯ ದಿನ ಮಂಜು ಇರಲಿಲ್ಲ. ಬೆಳಗಿನ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ಪರೀಕ್ಷೆ ನಡೆಸಲು ದಳದಿಂದ ನಮ್ಮ ಕ್ಲಬ್ಬಿಗೆ ಬಂದ ಇಬ್ಬರು ಹೆಂಗಸರು ಮೇಜಿನ ಹಿಂದೆ ನಿಂತಿದ್ದರು. ತಾಯಿ ತಾವಾಗಿಯೇ ಬಂದಿದ್ದರು. ಮಫ್ ಜಾರದ ಹಾಗೆ ನಾನು ತಲೆಗೆ ದಪ್ಪದ ಬಟ್ಟೆ ಸುತ್ತಿ ಕೊಟ್ಟಿದ್ದೆ. ಸಹಾಯಕಿಯರು ಒಳಗೆ ನಿಲ್ಲುವಂತಿಲ್ಲ, ಆದರೂ ಪೊರಕೆ ಹಿಡಿದುಕೊಂಡು ಮೂಲೆಯಲ್ಲಿ ನಿಂತೆ. ಪೊರಕೆ ಹಿಡಿದವಳನ್ನು ಯಾರೂ ಹೊರಗೆ ಹೋಗು ಎನ್ನುವುದಿಲ್ಲ.

ಅವಳು ಹೊಡೆಯುತ್ತ ಹೋದಳು. ಮೈ ಅಲುಗಲಿಲ್ಲ. ನಡುವೆ ಒಂದು ಸಲ "ಟಿಕ್" ಎಂದಿತು. ಯಾರೂ ಸುಳ್ಳು ಗುಂಡು ಹಾಕಿರಲಿಲ್ಲ. ಮದ್ದು ಹತ್ತಿಕೊಳ್ಳದ ಗುಂಡು, ಸಾವಿರಕ್ಕೊಂದು ಹಾಗೆ ಬರುವುದುಂಟು. ಆದರೆ ನಳಿಗೆ ಇದ್ದಲ್ಲಿಯೇ ಇತ್ತು. ತುದಿ ಕೂದಲೆಳೆಯಷ್ಟೂ ಬಾಗಲಿಲ್ಲ. ಗುಂಡು ಹಾರಲಿಲ್ಲ, ಅವಳ ಕೈಯೂ ಹಾರಲಿಲ್ಲ. ಕಲಿಸಿದ ಹಾಗೆ ನಳಿಗೆಯನ್ನು ಮುಂದಕ್ಕೇ ಹಿಡಿದು ಸ್ವಲ್ಪ ಹೊತ್ತು ಕಾದಳು, ಆ ಗುಂಡನ್ನು ಹೊರಗೆ ಹಾಕಿದಳು, ಉಳಿದದ್ದನ್ನು ಹೊಡೆದು ಮುಗಿಸಿದಳು. ಬಂದ ಹೆಂಗಸರಲ್ಲಿ ದೊಡ್ಡವಳು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದಳು. ಪಾಸು.

ಹುಡುಗಿ ಹೊರಗೆ ಬಂದು ತಾಯಿಯ ಮುಂದೆ ಮಂಡಿಯೂರಿ ಕೂತು, ಅವರ ಕೈ ಹಿಡಿದು ಮುತ್ತು ಕೊಟ್ಟಳು. ತಾಯಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮಗಳ ಅಂಗೈಯನ್ನು ಬಿಡಿಸಿ, ತಮ್ಮ ಅಂಗೈಯನ್ನು ಅದರ ಮೇಲೆ ಇಟ್ಟರು. ಅವರ ಬೆರಳ ತುದಿ ಮಗಳ ಬೆರಳಿನ ನಡುಗೆಣ್ಣಿನ ಹತ್ತಿರ ನಿಂತಿತು. ತಿರುಗಿಸಿದರು, ಮತ್ತೆ ನೋಡಿದರು. ಹೆಬ್ಬೆರಳ ಸಂದಿಯಲ್ಲಿ ಉಳಿದಿದ್ದ ಕಲೆಯನ್ನು ಸವರಿದರು.

"ನಿನ್ನ ಕೈ ಪೂರ್ತಿ ಅವನದೇ" ಎಂದರು. "ಇಷ್ಟು ದಿನ ಮನೆಯಲ್ಲೇ ಇತ್ತು. ನಾನು ನೋಡಲಿಲ್ಲ."

ಆಮೇಲೆ ತಾಯಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಊಟ ಆಯ್ತಾ ಎಂದು ಕೇಳಿದರು. ಅವಳು ಇಲ್ಲ ಎಂದಳು. ಇಬ್ಬರೂ ಎದ್ದು ಕಾರಿನ ಕಡೆ ಹೋದರು. ನಾನು ಪೊರಕೆ ತೆಗೆದುಕೊಂಡು ಖಾಲಿ ತೋಟಾಗಳನ್ನು ಗುಡಿಸಲು ಒಳಗೆ ಹೋದೆ.